ಅತ್ತೆಯ ಕಾಯಿ ಕಡಿಯಲೇಬೇಕು

ಹಬ್ಬಕ್ಕೆ ಮನೆ ತುಂಬ ಜನ ಸೇರಿದಾಗ ಎಲ್ಲರನ್ನೂ ಕೂರಿಸಿ ಏನು ಆಡೋದು ಅನ್ನುವವರಿಗೆ ನನ್ನ ಉತ್ತರ ಒಂದೇ: ಚೌಕಾಬಾರ. ಕ್ರಿಕೆಟ್ಟಿಗೆ ಅಜ್ಜಿ ಬರೋಲ್ಲ. ಚೆಸ್ಸಿನಲ್ಲಿ ಎಂಟು ವರ್ಷದ ಹುಡುಗಿ ಮಾವನ ಎದುರು ಬೇಗ ಸೋತು ಮುಖ ಊದಿಸಿಕೊಳ್ಳುತ್ತಾಳೆ. ಮಾವ ಬೇಕೆಂದೇ ಸೋತರೆ ಅದೂ ಅವಳಿಗೆ ಗೊತ್ತಾಗಿಬಿಡುತ್ತದೆ (ಆಮೇಲಿನ ರಾದ್ಧಾಂತ ಇನ್ನೂ ದೊಡ್ಡದು).

ಚೌಕಾಬಾರದಲ್ಲಿ ದೊಡ್ಡವರನ್ನು ಸೋಲಿಸುವ ಕೆಲಸವನ್ನು ಕವಡೆಯೇ ನೋಡಿಕೊಳ್ಳುತ್ತದೆ. 25 ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ 4. ನಾಲ್ಕೂ ಬೋರಲಾದರೆ ಬಾರ, ಅಂದರೆ 8. ಎರಡಕ್ಕೂ ಮತ್ತೊಮ್ಮೆ ಹಾಕಬಹುದು. ಯಾವ ಕಾಯಿ ನಡೆಸಬೇಕು ಅನ್ನೋದಷ್ಟೇ ತಲೆಯ ಕೆಲಸ.

ನನಗೆ ತುಂಬಾ ಇಷ್ಟದ ನಿಯಮ ಬೇರೆಯದು: ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಹಾಗಾಗಿ ಎಷ್ಟೇ ಸಂಕೋಚದ ಸೊಸೆಯೂ ಅತ್ತೆಯ ಕಾಯಿಗೆ ಕೈಹಾಕಲೇಬೇಕು!

ಕವಡೆ ಇಲ್ಲದಿದ್ದರೆ ಹುಣಸೆ ಬೀಜವನ್ನು ಒಂದು ಬದಿ ಕಲ್ಲಿಗೆ ಉಜ್ಜಿ ಬಿಳಿ ಮಾಡಿಕೊಳ್ಳಿ. ಬಿಳಿ ಮೇಲೆ ಬಂದದ್ದು ಲೆಕ್ಕ. ಮಂಡಿನೋವಿನವರಿದ್ದರೆ ಮನೆಗಳನ್ನು ನೆಲದ ಮೇಲೆ ಬರೆಯಬೇಡಿ, ರಟ್ಟಿನ ಮೇಲೆ ಗೆರೆ ಎಳೆದು ಮೇಜಿಗೆ ಹಾಕಿ.