ಎರಡು ನಾಣ್ಯದ ಸಂದು

ಜನ್ಮದಲ್ಲಿ ಬೀರು ಮುಟ್ಟದ ನಾನು ಗುಜರಿ ಅಂಗಡಿಯಿಂದ ಹನ್ನೆರಡು ಬೀರು ಬಾಟಲಿಗಳನ್ನು ಚೀಲದಲ್ಲಿ ಗಲಗಲಿಸುತ್ತ ಹೊತ್ತು ತಂದ ದಿನವೇ ನಮ್ಮ ಬೀದಿಯವರು ನನ್ನ ವಿಷಯದಲ್ಲಿ ಒಂದು ತೀರ್ಮಾನಕ್ಕೆ ಬಂದುಬಿಟ್ಟರು. ಒಳಗೆ ಉಪ್ಪುನೀರು ತುಂಬಿ, ಹೊರಗೆ ಅಲ್ಯೂಮಿನಿಯಂ ಹಾಳೆ ಸುತ್ತಿದರೆ ಅವು ಕೆಪಾಸಿಟರ್ ಆಗುತ್ತವೆಂದು ಎಷ್ಟು ಮನೆಗಳಿಗೆ ಹೋಗಿ ವಿವರಿಸಲಿ? ನಿಕೊಲಾ ಟೆಸ್ಲಾ 1891ರಲ್ಲಿ ರೂಪಿಸಿದ ಸುರುಳಿಯನ್ನು ನಮ್ಮ ಹಿತ್ತಲ ಕೋಣೆಯಲ್ಲಿ ಕಟ್ಟಿ ಮಿಂಚು ಹರಿಸುವ ಹುಚ್ಚು ನನಗೆ ಹಿಡಿದಿತ್ತು.

ಸುರುಳಿ ಸುತ್ತುವುದು ಬರೀ ತಾಳ್ಮೆಯ ಕೆಲಸ. ಪಿವಿಸಿ ಪೈಪಿನ ಮೇಲೆ ಸಾವಿರ ಸುತ್ತು ತಂತಿ. ಹತ್ತು ಹೆಚ್ಚು ಕಡಿಮೆಯಾದರೆ ಕೆಳಗಿನ ತಾಮ್ರದ ಸುರುಳಿಯ ಮೇಲೆ ಕ್ಲಿಪ್ಪು ಸರಿಸಿ ಸರಿದೂಗಿಸಬಹುದು. ನಿಜವಾದ ಸತ್ವಪರೀಕ್ಷೆ ಸ್ಪಾರ್ಕ್ ಗ್ಯಾಪಿನದು, ಎಂದರೆ ಎರಡು ತಾಮ್ರದ ಕೊಳವೆಗಳ ನಡುವಿನ ಸಣ್ಣ ಸಂದಿನದು. ನಿಯಾನ್ ಫಲಕದ ಹಳೆಯ ಟ್ರಾನ್ಸ್‌ಫಾರ್ಮರು 9,000 ವೋಲ್ಟಿನಲ್ಲಿ ಬಾಟಲಿಗಳಿಗೆ ವಿದ್ಯುತ್ತು ತುಂಬುತ್ತದೆ. ತುಂಬಿದ್ದು ಈ ಸಂದನ್ನು ಹಾರಿದರೆ ಮಾತ್ರ ಸುರುಳಿಗೆ ಜೀವ. ಸಂದು ಕಿರಿದಾದರೆ ಬಾಟಲಿಗಳು ಅರೆಹೊಟ್ಟೆಯಲ್ಲೇ ಖಾಲಿಯಾಗಿ ಮೇಲಿನ ಮಿಂಚು ಗಿಡ್ಡವಾಗುತ್ತದೆ. ಅಗಲವಾದರೆ ಕಿಡಿ ಹಾರುವುದೇ ಇಲ್ಲ. ಆಗ ವೋಲ್ಟೇಜು, ಬಂದಾಗಲೆಲ್ಲ ತಳ್ಳಿಸಿಕೊಂಡ ಉಯ್ಯಾಲೆಯ ಹಾಗೆ, ಏರುತ್ತ ಹೋಗಿ ಟ್ರಾನ್ಸ್‌ಫಾರ್ಮರಿನ ಒಳಗನ್ನೇ ಸುಡುತ್ತದೆ. ಉದ್ದನೆಯ ಮಿಂಚಿನ ಆಸೆಗೆ ನಾನು ಸಂದನ್ನು ಅಗಲಿಸುತ್ತ ಹೋದದ್ದರಿಂದ ನನ್ನ ಮೊದಲನೆಯ ಟ್ರಾನ್ಸ್‌ಫಾರ್ಮರು ಟಾರಿನ ವಾಸನೆ ಬಿಟ್ಟು ತೀರಿಕೊಂಡಿತು.

ಎರಡನೆಯದನ್ನು ತಂದಾಗ ಬುದ್ಧಿ ಬಂದಿತ್ತು. ಬಾಟಲಿಗಳನ್ನು ಕಳಚಿಟ್ಟು ಸಂದೊಂದನ್ನೇ ಟ್ರಾನ್ಸ್‌ಫಾರ್ಮರಿಗೆ ಜೋಡಿಸಿದೆ. ಕಿಡಿ ಹಾರದಷ್ಟು ಅಗಲಿಸಿ, ಪ್ರತಿ ಸಲವೂ ಕರೆಂಟು ತೆಗೆದು, ತುಸು ತುಸುವೇ ಹತ್ತಿರ ತಂದು, ತಪ್ಪದೆ ಹಾರುವ ಜಾಗದಲ್ಲಿ ಸ್ಕ್ರೂ ಬಿಗಿದೆ. ಅಳೆಯಲು ಗೇಜು ಇರಲಿಲ್ಲ. ಒಂದು ರೂಪಾಯಿಯ ಎರಡು ನಾಣ್ಯ ಜೋಡಿಸಿ ತೂರಿಸಿದರೆ ಸರಿಯಾಗಿ ಕೂತವು, ಸುಮಾರು 3 ಮಿಲಿಮೀಟರು. ಕಿಡಿ ಹಾರಿದರಷ್ಟೇ ಸಾಲದು, ಬೇಗ ಆರಲೂಬೇಕು. ಸಂದಿನ ಗಾಳಿ ಕಾದಿದ್ದರೆ ಕಿಡಿ ಆರದೆ, ಮೇಲಿನ ಸುರುಳಿಗೆ ಹೋದ ಶಕ್ತಿ ಮರಳಿ ಬಂದು ಇಲ್ಲಿಯೇ ಪೋಲಾಗುತ್ತದೆ. ಕೆಟ್ಟ ಕಂಪ್ಯೂಟರಿನಿಂದ ಕಿತ್ತ ಫ್ಯಾನು ಊದತೊಡಗಿದ ಮೇಲೆ ಮಿಂಚು ಮೊಳದುದ್ದ ಬಂತು.

ನನ್ನ ಹೆಂಡತಿಗೆ ಫಿಸಿಕ್ಸು ಬೇಡ. ಆದರೆ ಒಂದು ನಿಯಮ ಅವಳದು: ನಾನು ಸಂದಿಗೆ ಕೈ ಹಾಕುವಾಗ ಕರೆಂಟಿನ ವೈರು ಪೂರ್ತಿ ಕಳಚಿ ಅವಳ ಮಡಿಲಲ್ಲಿರಬೇಕು. ಇನ್ನೊಂದು ನಿಯಮ ನನ್ನದು: ತಂತಿ ಕಟ್ಟಿದ ಪ್ಲಾಸ್ಟಿಕ್ ಕೋಲಿನಿಂದ ಬಾಟಲಿಗಳ ಒಳಗನ್ನೂ ಹೊರಗನ್ನೂ ಒಟ್ಟಿಗೆ ಮುಟ್ಟಿಸಿ ಬರಿದು ಮಾಡದ ಹೊರತು ಏನನ್ನೂ ಮುಟ್ಟಕೂಡದು. ಅವಳ ನಿಯಮವನ್ನು ಅವಳು ಒಮ್ಮೆಯೂ ಮರೆಯಲಿಲ್ಲ.

ಒಂದು ಭಾನುವಾರ ಮಗಳು ಗೆಳತಿಯರನ್ನು ಕರೆತಂದಿದ್ದಳು. ನಾಲ್ಕು ನಿಮಿಷ ಚೆನ್ನಾಗಿ ನಡೆದ ಮಿಂಚು ಇದ್ದಕ್ಕಿದ್ದಂತೆ ನಿಂತಿತು. ಮಾನದ ಪ್ರಶ್ನೆ. ಸ್ಕ್ರೂ ಸಡಿಲವಾಗಿರಬೇಕೆಂದು ವೈರು ಕಿತ್ತು ಅವಳ ಮಡಿಲಿಗೆ ಹಾಕಿ, ಸ್ಕ್ರೂಡ್ರೈವರು ಹಿಡಿದು ಬಗ್ಗಿದೆ.

“ಕೋಲು, ರೀ!”

ಕೈ ಗೇಣು ದೂರದಲ್ಲಿ ನಿಂತಿತು. ಕೋಲು ತಂದು ಮುಟ್ಟಿಸಿದೆ. ಫಟ್ಟೆಂದು ನೀಲಿ ಕಿಡಿ ಸಿಡಿಯಿತು. ಎಂದಿನಂತೆ ಟ್ರಾನ್ಸ್‌ಫಾರ್ಮರಿನ ಸುರುಳಿಯ ಮೂಲಕ ಇಳಿದುಹೋಗಬೇಕಾಗಿದ್ದ ಚಾರ್ಜು, ಅದರ ಒಂದು ತಂತಿ ಕಳಚಿದ್ದರಿಂದ, ಬಾಟಲಿಗಳಲ್ಲೇ ನನ್ನ ಬೆರಳಿಗಾಗಿ ಕಾದು ಕುಳಿತಿತ್ತು. ಹುಡುಗಿಯರು ಇದೂ ಪ್ರದರ್ಶನದ ಭಾಗವೆಂದು ಚಪ್ಪಾಳೆ ತಟ್ಟಿದರು. ಹೆಂಡತಿ ತಟ್ಟಲಿಲ್ಲ.

ನಡುಗುವ ಕೈಯಲ್ಲಿ ತಂತಿ ಜೋಡಿಸಿದೆ. ಆಮೇಲೆ ಸಂದಿಗೆ ನಾಣ್ಯ ತೂರಿಸಿ ನೋಡಿದರೆ ಅದು ಕೂದಲೆಳೆಯಷ್ಟೂ ಕದಲಿರಲಿಲ್ಲ.

“ವೈರು ಕೊಡು” ಎಂದೆ.

“ಇವತ್ತಿಗೆ ಸಾಕು” ಎಂದು ಅವಳು ಅದನ್ನು ಕೈಗೆ ಸುತ್ತಿಕೊಂಡು, ಹುಡುಗಿಯರಿಗೆ ಉಪ್ಪಿಟ್ಟು ಮಾಡಲು ಒಳಗೆ ಹೋದಳು.