ಸ್ವಾಲ್ಬಾರ್ಡ್ ದ್ವೀಪಗಳ ಚಳಿಗಾಲ

ಮಾನವರ ಆರು ತಿಂಗಳು ದೇವತೆಗಳಿಗೆ ಒಂದು ಹಗಲೆಂದೂ, ಮಿಕ್ಕ ಆರು ತಿಂಗಳು ಒಂದು ರಾತ್ರಿಯೆಂದೂ ಪುರಾಣಗಳನ್ನು ಕೇಳಿದವರೆಲ್ಲರೂ ಬಲ್ಲರು. ಇದಕ್ಕೆ ಹೋಲುವಂತಹ ಹಗಲುರಾತ್ರಿಗಳನ್ನು ಮನುಷ್ಯರೇ ಕಣ್ಣಾರೆ ಕಾಣಬಹುದಾದ ಪ್ರದೇಶವೊಂದು ಭೂಮಂಡಲದ ಉತ್ತರದಂಚಿನಲ್ಲಿರುವುದು. ನಾರ್ವೆ ದೇಶಕ್ಕೂ ಉತ್ತರಧ್ರುವಕ್ಕೂ ನಡುವೆ ಇರುವ ಸ್ವಾಲ್ಬಾರ್ಡ್ ಎಂಬ ದ್ವೀಪಸಮೂಹವೇ ಅದು.

1596ರಲ್ಲಿ ವಿಲ್ಲೆಮ್ ಬಾರೆಂಟ್ಸ್ ಎಂಬ ಡಚ್ ನಾವಿಕನು ಈ ದ್ವೀಪಗಳನ್ನು ಕಂಡನು. ಬಳಿಕ ತಿಮಿಂಗಿಲದ ಬೇಟೆಗಾರರು ಬಂದರು. ಅವರ ತರುವಾಯ ಕಲ್ಲಿದ್ದಲನ್ನು ಅಗೆಯುವವರು ಬಂದರು. 1906ರಲ್ಲಿ ಲಾಂಗ್‌ಇಯರ್ ಎಂಬ ಅಮೆರಿಕದ ವರ್ತಕನು ಗಣಿಗಾರರಿಗಾಗಿ ನೆಲೆಗೊಳಿಸಿದ ಊರು ಅವನ ಹೆಸರಿನಿಂದಲೇ ಲಾಂಗ್‌ಇಯರ್‌ಬೀನ್ ಎನ್ನಿಸಿಕೊಂಡು ಇಂದು ಅಲ್ಲಿಯ ಮುಖ್ಯ ಪಟ್ಟಣವಾಗಿದೆ. 1920ರಲ್ಲಿ ಪ್ಯಾರಿಸಿನಲ್ಲಿ ಆದ ಒಡಂಬಡಿಕೆಯ ಮೇರೆಗೆ ದ್ವೀಪಗಳ ಒಡೆತನವು ನಾರ್ವೆಗೆ ಸಂದಿತು. ಆ ಒಡಂಬಡಿಕೆಗೆ ಸೇರಿದ ದೇಶಗಳಲ್ಲಿ ಭಾರತವೂ ಒಂದು.

ಈ ಪಟ್ಟಣಕ್ಕೆ ಹೋದ ಪ್ರಯಾಣಿಕನಿಗೆ ಮೊದಲು ಅಚ್ಚರಿಯನ್ನುಂಟುಮಾಡುವವು ಅಲ್ಲಿಯ ಮನೆಗಳು. ಅವೆಲ್ಲವೂ ನೆಲವನ್ನು ಬಿಟ್ಟು ಕಂಬಗಳ ಮೇಲೆ ನಿಂತಿವೆ. ಅಲ್ಲಿ ನೆಲವು ವರ್ಷವೆಲ್ಲಾ ಹೆಪ್ಪುಗಟ್ಟಿರುವುದು. ಬೇಸಗೆಯಲ್ಲಿ ಮೇಲಿನ ಪದರ ಮಾತ್ರ ಕರಗುವುದು. ಮನೆಯೊಳಗಿನ ಬಿಸಿಯು ಕೆಳಗಿಳಿದು ನೆಲವನ್ನು ಕರಗಿಸಬಾರದೆಂದು ಈ ಏರ್ಪಾಡು. ಹಲವು ಕಟ್ಟಡಗಳಲ್ಲಿ ನಮ್ಮ ಮನೆಗಳಲ್ಲಿರುವಂತೆಯೇ ಪಾದರಕ್ಷೆಗಳನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಹೋಗಬೇಕು. ಗಣಿಯ ಕರಿಧೂಳು ಒಳಗೆ ಬಾರದಿರಲೆಂದು ಆರಂಭವಾದ ಈ ಪದ್ಧತಿಯನ್ನು ಹೋಟೆಲುಗಳಲ್ಲಿಯೂ ಇನ್ನೂ ನಡೆಸಿಕೊಂಡು ಬಂದಿದ್ದಾರೆ.

ಏಪ್ರಿಲ್ ತಿಂಗಳ ಕೊನೆಯ ಭಾಗದಿಂದ ಆಗಸ್ಟಿನ ಕೊನೆಯ ಭಾಗದವರೆಗೆ ಇಲ್ಲಿ ಸೂರ್ಯನು ಅಸ್ತಮಿಸುವುದೇ ಇಲ್ಲ. ಅಕ್ಟೋಬರ್ ಕೊನೆಯಿಂದ ಫೆಬ್ರವರಿಯ ನಡುಭಾಗದವರೆಗೆ ಉದಯಿಸುವುದಿಲ್ಲ. ಊರು ಬೆಟ್ಟಗಳ ನಡುವಣ ಕಣಿವೆಯಲ್ಲಿರುವುದರಿಂದ ಆಮೇಲೂ ಕೆಲವು ವಾರ ಬಿಸಿಲು ಬೀಳುವುದಿಲ್ಲ. ಮಾರ್ಚ್ 8ರ ಸುಮಾರಿಗೆ ಹಳೆಯ ಆಸ್ಪತ್ರೆಯ ಮೆಟ್ಟಿಲುಗಳಿದ್ದ ಸ್ಥಳಕ್ಕೆ ಮೊದಲ ಕಿರಣವು ತಾಗುವುದು. ಆ ದಿನ ಊರಿನವರೆಲ್ಲರೂ ಅಲ್ಲಿ ನೆರೆಯುವರು. ಮಕ್ಕಳು ಸೂರ್ಯನನ್ನು ಕೂಗಿ ಕರೆಯುವರು. ಸಂಕ್ರಾಂತಿಯನ್ನು ಆಚರಿಸುವ ನಮಗೆ ಈ ಸಂಭ್ರಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂತಹ ನಾಡಿನ ಋತುಕ್ರಮವು ಈಗ ಪಲ್ಲಟವಾಗುತ್ತಿದೆ. 1961ರಿಂದ 1990ರವರೆಗಿನ ಮೂವತ್ತು ವರ್ಷಗಳಲ್ಲಿ ಇಲ್ಲಿ ಫೆಬ್ರವರಿಯ ಸರಾಸರಿ ಉಷ್ಣಮಾನವು ಸೊನ್ನೆಗಿಂತ ಸುಮಾರು 16 ಡಿಗ್ರಿ ಸೆಲ್ಸಿಯಸ್ ಕೆಳಗಿದ್ದಿತು. 1991ರಿಂದ 2020ರವರೆಗಿನ ಸರಾಸರಿಯಲ್ಲಿ ಅದು ಸುಮಾರು 11 ಡಿಗ್ರಿ ಕೆಳಗೆ ಮಾತ್ರ. ಜುಲೈ ತಿಂಗಳಿನ ಸರಾಸರಿಯಾದರೋ ಸುಮಾರು 6ರಿಂದ 7ಕ್ಕೆ ಏರಿದೆ. ಬೇಸಗೆಯಲ್ಲಿ ಒಂದು ಡಿಗ್ರಿ, ಚಳಿಗಾಲದಲ್ಲಿ ಐದು! 2020ರ ಜುಲೈ 25ರಂದು ವಿಮಾನನಿಲ್ದಾಣದಲ್ಲಿ 21.7 ಡಿಗ್ರಿ ಉಷ್ಣವು ದಾಖಲಾದಾಗ ಲೋಕವೆಲ್ಲಾ ಬೆರಗಾಯಿತು. ಆದರೆ ದೊಡ್ಡ ಮಾರ್ಪಾಡು ನಡೆಯುತ್ತಿರುವುದು ಸೂರ್ಯನಿಲ್ಲದ ಕತ್ತಲೆಯಲ್ಲಿ.

ಬಿಸಿಲೇ ಇಲ್ಲದ ಕಾಲದಲ್ಲಿ ಬಿಸಿಯು ಹೆಚ್ಚುವುದು ಹೇಗೆ ಎಂದು ವಾಚಕರು ಕೇಳಬಹುದು. ಮಂಜುಗಡ್ಡೆಯನ್ನು ಹಾಕಿದ ನೀರಿನ ಪಾತ್ರೆಯನ್ನು ಸಣ್ಣ ಉರಿಯ ಮೇಲಿಟ್ಟು ಕಲಕುತ್ತಿದ್ದರೆ, ಗಡ್ಡೆಯು ಪೂರ್ತಿ ಕರಗುವವರೆಗೆ ನೀರು ಬಿಸಿಯೇರುವುದಿಲ್ಲ. ಶಾಖವೆಲ್ಲವೂ ಕರಗಿಸುವ ಕೆಲಸಕ್ಕೇ ವೆಚ್ಚವಾಗುವುದು. ಧ್ರುವಸಮುದ್ರದ ಬೇಸಗೆಯೂ ಹೀಗೆಯೇ. ಹೆಚ್ಚಿದ ಶಾಖವು ಹಿಮವನ್ನು ಕರಗಿಸುವುದು, ಗಾಳಿಯನ್ನು ಅಷ್ಟಾಗಿ ಕಾಯಿಸದು. ಆದರೆ ಬಿಳಿಯ ಹಿಮವು ಬಿಸಿಲನ್ನು ಹಿಂದಕ್ಕೆ ಎರಚುವಂತೆ ಕಪ್ಪು ನೀರು ಎರಚುವುದಿಲ್ಲ, ಹೀರಿಕೊಳ್ಳುವುದು. ಹೀಗೆ ಬೇಸಗೆಯಲ್ಲಿ ಕೂಡಿಟ್ಟ ಶಾಖವನ್ನು ಸಮುದ್ರವು ಚಳಿಗಾಲದಲ್ಲಿ ಗಾಳಿಗೆ ಬಿಡುವುದು. ಹಿಂದೆ ದಪ್ಪನಾದ ಹಿಮದ ಹೊದಿಕೆಯು ಕಂಬಳಿಯಂತೆ ಮುಚ್ಚಿ ಇದನ್ನು ತಡೆಯುತ್ತಿದ್ದಿತು. ಈಗ ಹೊದಿಕೆ ತೆಳುವಾಗಿದೆ, ಎಷ್ಟೋ ಕಡೆ ಇಲ್ಲವೇ ಇಲ್ಲ. ಅಟ್ಲಾಂಟಿಕ್ ಸಾಗರದಿಂದ ಬರುವ ಬೆಚ್ಚನೆಯ ಪ್ರವಾಹವೂ ಈ ದ್ವೀಪಗಳ ಪಶ್ಚಿಮ ಕರೆಯನ್ನೇ ಸವರಿಕೊಂಡು ಹರಿಯುವುದು. ಆದಕಾರಣವೇ ಭೂಮಿಯಲ್ಲಿ ಅತಿ ಬೇಗನೆ ಬೆಚ್ಚಗಾಗುತ್ತಿರುವ ಸ್ಥಳಗಳಲ್ಲಿ ಇದೂ ಒಂದಾಗಿದೆ.

ಚಳಿ ಕಡಮೆಯಾದರೆ ಜೀವಿಗಳಿಗೆ ಸುಖವಲ್ಲವೇ ಎನ್ನುವವರಿಗೆ ಅಲ್ಲಿಯ ಹಿಮಸಾರಂಗಗಳ ಪಾಡನ್ನು ಹೇಳಬೇಕು. ಗಿಡ್ಡ ಕಾಲಿನ ಈ ಮೃಗಗಳು ಚಳಿಗಾಲದಲ್ಲಿ ಗೊರಸಿನಿಂದ ಹಿಮವನ್ನು ಕೆದಕಿ ಅಡಿಯಲ್ಲಿರುವ ಹುಲ್ಲು ಪಾಚಿಗಳನ್ನು ಮೇಯುವುವು. ಹಿಮ ಬೀಳಬೇಕಾದ ಕಾಲದಲ್ಲಿ ಮಳೆ ಬಿದ್ದರೆ ಆ ನೀರು ನೆಲದ ಮೇಲೆಯೇ ಗಾಜಿನಂತೆ ಹೆಪ್ಪುಗಟ್ಟುವುದು. ಮೇವು ಕಣ್ಣೆದುರಿಗಿದ್ದರೂ ಬಾಯಿಗೆ ಎಟುಕದು. ಅಂತಹ ವರ್ಷಗಳಲ್ಲಿ ಅನೇಕ ಸಾರಂಗಗಳು ಹಸಿದು ಸಾಯುವುವು.

ಮನುಷ್ಯರ ನೆಲೆಯೂ ಭದ್ರವಾಗಿ ಉಳಿದಿಲ್ಲ. ನೆಲವು ಹೆಚ್ಚು ಆಳದವರೆಗೆ ಕರಗುವುದರಿಂದ ಮನೆಯ ಕಂಬಗಳು ಸಡಿಲಗೊಳ್ಳುತ್ತಿವೆ. 2015ರ ಡಿಸೆಂಬರ್ 19ರಂದು ಬಿರುಗಾಳಿಯು ಒಟ್ಟಿದ್ದ ಹಿಮರಾಶಿಯು ಬೆಟ್ಟದಿಂದ ಜಾರಿ ಹನ್ನೊಂದು ಮನೆಗಳನ್ನು ಹಾಳುಮಾಡಿತು, ಇಬ್ಬರು ಪ್ರಾಣಬಿಟ್ಟರು. ಅಪಾಯದ ಅಂಚಿನಲ್ಲಿದ್ದ ಇನ್ನೂ ಹಲವು ಮನೆಗಳನ್ನು ಆಮೇಲೆ ಕೆಡವಬೇಕಾಯಿತು.

ಇದು ದೂರದವರ ಕಥೆಯೆಂದು ನಾವು ಸುಮ್ಮನಿರುವ ಹಾಗಿಲ್ಲ. ಪಟ್ಟಣದ ಬಳಿ ಬೆಟ್ಟವನ್ನು ಕೊರೆದು 2008ರಲ್ಲಿ ಬೀಜದ ಕಣಜವೊಂದನ್ನು ತೆರೆದಿದ್ದಾರೆ. ಯುದ್ಧ, ಕ್ಷಾಮ, ರೋಗಗಳಿಂದ ಎಲ್ಲಿಯಾದರೂ ತಳಿಗಳು ನಾಶವಾದರೆ ಮರಳಿ ಪಡೆಯಲೆಂದು ಸಕಲ ದೇಶಗಳ ಬೀಜಗಳನ್ನು ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಅಲ್ಲಿ ಕಾಪಾಡುತ್ತಾರೆ. ಹೈದರಾಬಾದಿನ ಸಮೀಪದ ಪಟಾನ್‌ಚೆರುವಿನ ಅಂತರರಾಷ್ಟ್ರೀಯ ಸಂಶೋಧನಾಸಂಸ್ಥೆಯಿಂದ ಹೋದ ಜೋಳ, ತೊಗರಿ, ಕಡಲೆ, ನೆಲಗಡಲೆಗಳ ಬೀಜಗಳೂ ಅಲ್ಲಿವೆ. ನೆಲದ ಹೆಪ್ಪು ಎಂದಿಗೂ ಕರಗದೆಂಬ ನಂಬಿಕೆಯಿಂದಲೇ ಆ ಸ್ಥಳವನ್ನು ಆರಿಸಿದ್ದರು. ಆದರೆ 2016ರ ಅಕ್ಟೋಬರಿನಲ್ಲಿ ಅಕಾಲದ ಸೆಖೆ ಮಳೆಗಳಿಂದ ಕಣಜದ ಸುರಂಗದ ಬಾಯಿಯೊಳಕ್ಕೆ ನೀರು ನುಗ್ಗಿತು. ಬೀಜಗಳಿಗೆ ಕೇಡಾಗಲಿಲ್ಲ, ಆದರೂ ಸುರಂಗವನ್ನು ನೀರು ಹೊಗದಂತೆ ಹೊಸದಾಗಿ ಕಟ್ಟಬೇಕಾಯಿತು.

ಇನ್ನೂ ಉತ್ತರಕ್ಕಿರುವ ನೀ-ಓಲೆಸುಂಡ್ ಎಂಬ ಹಳ್ಳಿಯೂ ಮೊದಲು ಗಣಿಗಾರರದೇ. 1962ರಲ್ಲಿ ಗಣಿಯು ಸಿಡಿದು ಇಪ್ಪತ್ತೊಂದು ಜನರು ಮಡಿದ ಬಳಿಕ ಅಲ್ಲಿ ಕಲ್ಲಿದ್ದಲಿನ ಕೆಲಸವು ನಿಂತು, ಊರು ವಿಜ್ಞಾನಿಗಳ ಪಾಲಾಯಿತು. ಭಾರತದ ‘ಹಿಮಾದ್ರಿ’ ಎಂಬ ಸಂಶೋಧನಾಲಯವು 2008ರಿಂದ ಅಲ್ಲಿದೆ. ಹಿಂದೆ ಬೇಸಗೆಗೆ ಮಾತ್ರ ಹೋಗುತ್ತಿದ್ದ ನಮ್ಮವರು 2023ರ ಡಿಸೆಂಬರಿನಿಂದ ಧ್ರುವರಾತ್ರಿಯಲ್ಲಿಯೂ ಉಳಿದು ಗಾಳಿ, ಮೋಡ, ಹಿಮಗಳನ್ನು ಪರೀಕ್ಷಿಸಲು ತೊಡಗಿದ್ದಾರೆ. ಮಾರ್ಪಾಡು ಹೆಚ್ಚಾಗಿ ನಡೆಯುವ ಋತುವಿನಲ್ಲಿಯೇ ನೋಡುವವರು ಇರಬೇಕಷ್ಟೆ.

ಈ ನಾಡಿಗೆ ಜನರನ್ನು ಕರೆತಂದದ್ದು ಕಲ್ಲಿದ್ದಲು. ಲೋಕದ ಒಲೆಗಳಲ್ಲಿಯೂ ಯಂತ್ರಗಳಲ್ಲಿಯೂ ಉರಿದ ಕಲ್ಲಿದ್ದಲು ಎಣ್ಣೆಗಳ ಹೊಗೆಯೇ ಇಂದು ಅದರ ಹಿಮವನ್ನು ಕರಗಿಸುತ್ತಿರುವುದು. ನಾರ್ವೆಯವರು ಅಲ್ಲಿಯ ತಮ್ಮ ಕೊನೆಯ ಗಣಿಯನ್ನು 2025ರಲ್ಲಿ ಮುಚ್ಚಿದರು. ಆದರೆ ಅಲ್ಲಿಯ ಚಳಿಗಾಲದ ಅಳಿವು ಉಳಿವುಗಳು ಆ ಒಂದು ಗಣಿಯ ಬಾಗಿಲನ್ನು ಅವಲಂಬಿಸಿಲ್ಲ. ದೀಪ ಹಚ್ಚಿ ಅಡಿಗೆ ಮಾಡಿ ಬಂಡಿಯೇರುವ ನಮ್ಮೆಲ್ಲರ ನಿತ್ಯದ ವ್ಯವಹಾರವನ್ನು ಅವಲಂಬಿಸಿವೆ.