ಕ್ಯಾಸೆಟ್ಟಿನೊಳಗಿನ ಕೆಮ್ಮು

ಮೊಬೈಲು ಬರುವುದಕ್ಕೆ ಮೊದಲು ಗಲ್ಫಿಗೆ ಬಂದ ನಮ್ಮ ಕರಾವಳಿಯ ಹಿರಿಯರು ಊರಿಗೆ ಕಾಗದದ ಜೊತೆ ಕ್ಯಾಸೆಟ್ಟನ್ನೂ ಕಳಿಸುತ್ತಿದ್ದರು. ಫೋನು ದುಬಾರಿ. ಓದು ಬರಹ ಬಾರದ ತಾಯಂದಿರೂ ಹಲವರಿದ್ದರು. ಟೇಪ್‌ರೆಕಾರ್ಡರಿನ ಮುಂದೆ ಕೂತು ಮಾತಾಡಿ, ಬೊಂಬಾಯಿ ದಾರಿಯಾಗಿ ರಜೆಗೆ ಹೋಗುವವರ ಕೈಯಲ್ಲಿ ಕೊಟ್ಟರಾಯಿತು. ಉತ್ತರವೂ ಕ್ಯಾಸೆಟ್ಟಿನಲ್ಲೇ ಬರುತ್ತಿತ್ತು.

ಅಂಥದ್ದೊಂದು ಕ್ಯಾಸೆಟ್ಟು ಹೋದ ವರ್ಷ ರೂವಿಯ ನಮ್ಮ ಕೋಣೆಗೆ ಬಂತು. ಕೋಣೆಯಲ್ಲಿ ನಾವು ಮೂವರು, ಮೂವರೂ ಡಿ.ಫಾರ್ಮ ಕಲಿತು ಆಸ್ಪತ್ರೆಯ ಫಾರ್ಮಸಿಯಲ್ಲಿ ದುಡಿಯುವವರು, ನಲವತ್ತು ದಾಟಿದವರು. ತಂದವರು ಕುಂದಾಪುರ ಕಡೆಯ ಹಿರಿಯರು. ಮತ್ರಾದ ಅಂಗಡಿಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದು ಊರಿಗೆ ಹೊರಟಿದ್ದರು. ನಾವೆಲ್ಲ ಅವರನ್ನು ಅಣ್ಣ ಎಂದೇ ಕರೆಯುವುದು. "ಇದ್ರಲ್ಲಿ ನಮ್ಮಮ್ಮನ್ ಸ್ವರ ಇತ್ತ್. ಮೊಬೈಲಿಗೆ ಹಾಕಿ ಕೊಡೂಕ್ ಆತ್ತಾ?" ಎಂದರು. ಅಮ್ಮ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಇರುವುದು ಈ ಒಂದೇ ಪ್ರತಿ.

ಕೆಲಸಕ್ಕೆ ನಾವು ಆರಿಸಿಕೊಂಡದ್ದು ಆಡಾಸಿಟಿ ಎಂಬ ಸಾಫ್ಟ್‌ವೇರ್. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಝೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ ಶುರುಮಾಡಿದ್ದು, 2000ದಲ್ಲಿ ಹೊರಬಂತು. ಒಂದು ಬೈಸಾ ಕೊಡಬೇಕಾಗಿಲ್ಲ.

ಮೊದಲ ಶುಕ್ರವಾರ ಬರೀ ರೆಕಾರ್ಡಿಂಗ್. ಹಳೆಯ ಟೇಪ್‌ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಒಂದು ವಯರು ಹಾಕಿದೆವು. 60 ನಿಮಿಷದ ಕ್ಯಾಸೆಟ್ಟಿಗೆ 60 ನಿಮಿಷವೇ ಬೇಕು, ಅವಸರ ಮಾಡುವಂತಿಲ್ಲ. ಪರದೆಯ ಮೇಲೆ ಏಳುವ ಅಲೆಯ ತುದಿ ಸೊನ್ನೆ ಡೆಸಿಬೆಲ್ ಮುಟ್ಟದಂತೆ, ಸುಮಾರು ಮೈನಸ್ 6ರ ಆಸುಪಾಸಿನಲ್ಲಿ ಇರಿಸಿದೆವು. ಸೊನ್ನೆ ದಾಟಿ ಒಡೆದ ಸ್ವರವನ್ನು ಆಮೇಲೆ ಪೂರ್ತಿ ಸರಿಮಾಡಲಾಗದು. ಮುಗಿದ ಕೂಡಲೇ ವೇವ್ ಫೈಲಾಗಿ ಉಳಿಸಿ, ಅದನ್ನು ಮುಟ್ಟದೆ ಬದಿಗಿಟ್ಟು, ಪ್ರತಿಯ ಮೇಲೆ ಕೈಯಾಡಿಸಿದೆವು.

ತಿದ್ದುವ ಆಜ್ಞೆಗಳು ಕೆಲವೇ. ಮೌಸಿನಿಂದ ಒಂದು ಭಾಗವನ್ನು ಗುರುತುಮಾಡಿ ಡಿಲೀಟ್ ಒತ್ತಿದರೆ ಅದು ಹೋಗಿ, ಎರಡು ಬದಿ ಕೂಡಿಕೊಳ್ಳುತ್ತವೆ. ಒಟ್ಟು ಸಮಯ ಕಡಿಮೆಯಾಗುತ್ತದೆ. ಸೈಲೆನ್ಸ್ ಒತ್ತಿದರೆ ಸದ್ದು ಮಾತ್ರ ಹೋಗುತ್ತದೆ, ಸಮಯ ಹಾಗೇ ಉಳಿಯುತ್ತದೆ. ಟ್ರಿಮ್ ಇದಕ್ಕೆ ತಿರುಗಾಮುರುಗಾ: ಗುರುತು ಮಾಡಿದ್ದನ್ನು ಉಳಿಸಿ ಅದರ ಆಚೀಚಿನದನ್ನು ತೆಗೆಯುತ್ತದೆ. ತಪ್ಪಿದರೆ ಕಂಟ್ರೋಲ್ ಝಡ್ ಇದೆ.

ಟೇಪಿನ 'ಸುಯ್' ಸದ್ದಿಗೆ ನಾಯ್ಸ್ ರಿಡಕ್ಷನ್. ಯಾರೂ ಮಾತಾಡದ ಎರಡು ಮೂರು ಸೆಕೆಂಡು ಆರಿಸಿ, 'ಇದೇ ಗದ್ದಲ' ಎಂದು ತೋರಿಸಿಕೊಡಬೇಕು. ಆಮೇಲೆ ಪೂರ್ತಿ ಆರಿಸಿ ಅದನ್ನು ತಗ್ಗಿಸಬೇಕು. ಇಲ್ಲಿ ಡೋಸ್ ಮುಖ್ಯ. ಹೆಚ್ಚು ಹಾಕಿದರೆ ಗದ್ದಲದ ಜೊತೆ ಮಾತೂ ಸವೆದು, ತಾಯಿ ಬಾವಿಯೊಳಗಿಂದ ಮಾತಾಡಿದಂತೆ ಕೇಳುತ್ತದೆ. ನಮಗೆ 6 ಡೆಸಿಬೆಲ್ ಸಾಕಾಯಿತು.

ಎರಡನೇ ಶುಕ್ರವಾರ ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡೆವು. "ಮಗಾ, ಉಂಡ್ಯಾ?" ಎಂದು ಅಮ್ಮ ಶುರುಮಾಡಿದರು. ಗದ್ದೆ ನಟ್ಟಿ, ದನ ಕರು ಹಾಕಿದ್ದು, ಮಾಡಿನ ಹಂಚು ಹಾರಿದ್ದು. ನಡುನಡುವೆ ದೂರದಲ್ಲಿ ಯಾರೋ ಕೆಮ್ಮುತ್ತಿದ್ದರು. ಅಲೆಯಲ್ಲಿ ಆ ಕೆಮ್ಮು ಮುಳ್ಳಿನ ಹಾಗೆ ಎದ್ದು ಕಾಣುತ್ತಿತ್ತು. ತೆಗೆಯುವುದು ಸುಲಭ. ಗುರುತುಮಾಡಿ ಡಿಲೀಟಿಗೆ ಬೆರಳಿಟ್ಟಾಗ ಅಣ್ಣ ಕೈ ಹಿಡಿದರು.

"ಅದನ್ನ್ ತೆಗೀಬೇಡಿ ಮಾರಾಯ್ರೆ. ಅದ್ ನಮ್ಮಪ್ಪಯ್ಯ."

ಅಪ್ಪಯ್ಯ ಕ್ಯಾಸೆಟ್ಟಿನಲ್ಲಿ ಒಂದು ಮಾತೂ ಆಡಿಲ್ಲ. ಮರು ವರ್ಷ ಅವರು ಹೋದಾಗ ಅಣ್ಣನಿಗೆ ರಜೆ ಸಿಗಲಿಲ್ಲ. ಆ ಕೆಮ್ಮನ್ನು ಬಿಟ್ಟರೆ ಅವರ ದನಿ ಬೇರೆಲ್ಲೂ ಉಳಿದಿಲ್ಲ. ದಿನವೂ ಕೆಮ್ಮಿಗೆ ಔಷಧ ಅಳೆದು ಕೊಡುವ ನಾವು ಆ ಹೊತ್ತು ಸುಮ್ಮನೆ ಕೂತೆವು.

ಆಮೇಲೆ ಅಣ್ಣನನ್ನು ಕೇಳದೆ ಏನನ್ನೂ ತೆಗೆಯಲಿಲ್ಲ. "ಇನ್ನೆಂತ ಹೇಳೂದ್..." ಎಂದು ಅಮ್ಮ ನಿಲ್ಲಿಸಿದ ಹನ್ನೊಂದು ಸೆಕೆಂಡಿನ ಮೌನವೂ ಹಾಗೇ ಇದೆ. ಮೊದಲಿನ ಮತ್ತು ಕೊನೆಯ ಖಾಲಿ ಟೇಪನ್ನಷ್ಟೇ ತೆಗೆದು, ಶುರುವಿಗೆ ಫೇಡ್ ಇನ್, ಕೊನೆಗೆ ಫೇಡ್ ಔಟ್ ಹಾಕಿದೆವು. ಸ್ಟೀರಿಯೋ ವೇವ್ ಸುಮಾರು 600 ಎಂಬಿ ಆಗಿತ್ತು. 128 ಕೆಬಿಪಿಎಸ್ ಎಂಪಿ3 ಮಾಡಿದಾಗ 60 ಎಂಬಿಯೊಳಗೆ ಬಂತು. ಮೊಮ್ಮಗಳ ಮೊಬೈಲಿಗೂ ಹೋಯಿತು. ಮುಟ್ಟದ ಮೂಲವನ್ನು ಪೆನ್‌ಡ್ರೈವಿನಲ್ಲಿ ಹಾಕಿ ಅಣ್ಣನ ಕೈಗೇ ಕೊಟ್ಟೆವು.

ಊರಿಗೆ ಹೋದಾಗ ಅಟ್ಟದ ಪೆಟ್ಟಿಗೆಯನ್ನು ಒಮ್ಮೆ ನೋಡಿ. ಟೇಪು ಇನ್ನೂ ಹಾಡುವ ಸ್ಥಿತಿಯಲ್ಲಿರಬಹುದು. ಮನೆಯವರ ವಾಟ್ಸಾಪ್ ದನಿಗಳನ್ನೂ ಮೊಬೈಲು ಬದಲಿಸುವ ಮೊದಲೇ ಬೇರೆ ಕಡೆ ಇಳಿಸಿಕೊಳ್ಳಿ. ಫೈಲಿನ ಹೆಸರಿನಲ್ಲಿ ಯಾರ ದನಿ, ಯಾವ ಊರು, ಯಾವ ವರ್ಷ ಎಂದು ಬರೆಯಿರಿ. ಹಿಂದೆ ಕೆಮ್ಮುವವರು ಯಾರೆಂದೂ ಬರೆದಿಡಿ. ಲೇಬಲ್ ಇಲ್ಲದ ಬಾಟಲಿಯನ್ನು ನಾವು ಯಾರಿಗೂ ಕೊಡುವುದಿಲ್ಲ.